ಮೂರು ಬದಿಯ ತೊಟ್ಟಿಲು

ಉಳಿಯಿಂದ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮನೆಯಲ್ಲಿ ಸ್ಕ್ರೂ ಡ್ರೈವರ್ ಇಲ್ಲವೇ? ಇದೆ. ಹಳೇ ಚಮಚೆ ಇಲ್ಲವೇ? ಬೇಕಾದಷ್ಟಿವೆ. ಆದರೂ ನಮ್ಮವರ ಕೈ ಹೋಗುವುದು ಉಳಿಗೇ. ಯಾವುದೋ ಊರಿನ ಕಂಬಾರ ಕಾಸಿ ಬಡಿದದ್ದು, ಯಾರೋ ಬಡಿಗ ಜೀವಮಾನವೆಲ್ಲ ಸಾಣೆ ಹಿಡಿದು ಅರ್ಧಕ್ಕೆ ಸವೆಸಿದ್ದು. ಅಂಥದ್ದನ್ನು ಹುಡುಕಿ ತಂದು, ತುಕ್ಕು ತೆಗೆದು, ಕೂದಲು ಬೋಳಿಸುವಷ್ಟು ಹರಿತ ಮಾಡಿ ನಾನು ಗೋಡೆಗೆ ತೂಗುಹಾಕಿರುತ್ತೇನೆ. ಇವರು ಡಬ್ಬಿ ತೆಗೆದು, ಬಾಯಿ ಮುರಿದು, ಮತ್ತೆ ಇದ್ದಲ್ಲೇ ತೂಗುಹಾಕಿ, "ನಾವ್ಯಾಕ ಮುಟ್ಟೋಣ ನಿಮ್ಮ ಹತಾರ" ಎನ್ನುತ್ತಾರೆ.

ನಾನು ರಾಣೆಬೆನ್ನೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು. ಹೊಸ ಶತಮಾನ ಶುರುವಾದ ಆ ವರ್ಷಗಳಲ್ಲಿ ಕರೆಂಟಿನ ರಂದಾ, ಕರೆಂಟಿನ ಗರಗಸ, ಕರೆಂಟಿನ ಬೈರಿಗೆ ಒಂದರ ಹಿಂದೊಂದು ನಮ್ಮ ಕಡೆ ಬಂದವು. ಸುತ್ತಲ ಹಳ್ಳಿಗಳ ಬಡಿಗರು ಬಂದು ಒಯ್ದರು. ಮಾರಿದವನು ನಾನೇ, ಬೇರೆಯವರನ್ನು ಬೈದು ಉಪಯೋಗವಿಲ್ಲ. ಹೊಸ ಮಷಿನ್ ಒಯ್ಯುವಾಗ ಕೆಲವರು ಹಳೆಯದನ್ನು ನನ್ನ ಕಟ್ಟೆಯ ಮೇಲೇ ಬಿಟ್ಟು ಹೋಗುತ್ತಿದ್ದರು. "ಇದನ್ನ ಮೋಡ್ಕಾಕ್ಕ ಹಾಕಿಬಿಡ್ರಿ ಸಾವ್ಕಾರ್ರ, ನಮಗಿನ್ನ ಇದರ ಉಸಾಬರಿ ಬ್ಯಾಡ." ಹಾಗೆ ಮೊದಲು ಬಿಟ್ಟು ಹೋದದ್ದು ಒಂದು ಮರದ ರಂದಾ, ಹಲಗೆ ಹೆರೆದು ನುಣುಪು ಮಾಡುವಂಥದ್ದು. ಅದರ ಬೆನ್ನ ಮೇಲೆ ಹೆಬ್ಬೆರಳು ಕೂತು ಕೂತು ಗುಳಿ ಬಿದ್ದಿತ್ತು. ಸುಮ್ಮನೆ ನನ್ನ ಹೆಬ್ಬೆರಳನ್ನು ಅಲ್ಲಿಟ್ಟು ನೋಡಿದೆ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಅಲ್ಲಿಗೆ ನಾನು ಕೆಟ್ಟೆ.

ಆಮೇಲೆ ನಾನೇ ಹುಡುಕಿಕೊಂಡು ಹೋಗತೊಡಗಿದೆ. ಅಂಗಡಿಗೆ ರಜೆ ಇದ್ದ ದಿನ ಬೈಕು ತೆಗೆದರೆ ಹಾವೇರಿಯ ಮೋಡ್ಕಾ, ಅಂದರೆ ಗುಜರಿ ಅಂಗಡಿಗಳು, ಕರ್ಜಗಿ, ಕದರಮಂಡಲಗಿ, ನಡುವೆ ಸಿಕ್ಕಸಿಕ್ಕ ಹಳ್ಳಿ. ಹಳೇ ಹತಾರ ಕೊಳ್ಳುವುದು ಎಂಥ ತಲೆನೋವಿನ ಕೆಲಸ ಎಂಬುದು ಕೊಂಡವರಿಗೇ ಗೊತ್ತು. ಕರ್ಜಗಿಯ ಒಂದು ಮನೆಯಲ್ಲಿ, ಕಟ್ಟಿಗೆ ಕೆತ್ತುವ ಒಳ್ಳೇ ಬಾಚಿಯನ್ನು ದನದ ಕೊಟ್ಟಿಗೆಯ ಬಾಗಿಲು ಬಡಿದುಕೊಳ್ಳದ ಹಾಗೆ ಸಂದಿಗೆ ತುರುಕಿದ್ದರು. ಮೈತುಂಬ ಸಗಣಿ ಮೆತ್ತಿಕೊಂಡು ನಿಂತಿತ್ತು. ಕೊಡುತ್ತೀರಾ ಎಂದು ಕೇಳಿದೆ. ಕೇಳಿದ ಗಳಿಗೆಗೆ ಅದು ಅಜ್ಜನ ನೆನಪಾಗಿಬಿಟ್ಟಿತು.

"ಕೊಡಾಕ ಬರಂಗಿಲ್ರಿ. ನಮ್ಮ ಅಜ್ಜಂದದು," ಎಂದ ಮನೆಯ ಯಜಮಾನ.

"ಅಜ್ಜಂದಂದ್ರ ಸಗಣ್ಯಾಗ ಯಾಕ ಇಟ್ಟೀರಿ?"

"ಅಲ್ಲೇ ಇರ್ಲಿ ಅಂತ ಇಟ್ಟೇವಿ."

ಮುಂದಿನ ಸಲ ಹೋದಾಗ ಬಾಗಿಲಿಗೆ ಒಂದು ಕಲ್ಲು ಬಂದಿತ್ತು. ಬಾಚಿಯ ಹಿಡಿಕೆ ಬಚ್ಚಲ ಒಲೆಗೆ ಹೋಗಿತ್ತು. "ಕಬ್ಬಿಣ ಹಂಗ ಐತ್ನೋಡ್ರಿ, ಒಯ್ಯೂದಿದ್ರ ಒಯ್ರಿ" ಎಂದ. ಅಜ್ಜನ ನೆನಪು ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ಕೇಳಿದ್ದರೆ ಜಗಳವಾಗುತ್ತಿತ್ತು. ಕಬ್ಬಿಣ ತಂದು ಹೊಸ ಹಿಡಿಕೆ ಹಾಕಿದೆ.

ಇದಲ್ಲದೆ ದಿನಗಳ ಕಾಟ. ಅಮಾವಾಸ್ಯೆಗೆ ಬಡಿಗರು ಹತಾರ ಮುಟ್ಟುವುದಿಲ್ಲ, ಪೂಜೆಗೆ ಇಟ್ಟಿರುತ್ತಾರೆ. ಮಂಗಳವಾರ ಕೆಲವು ಮನೆಗಳವರು ಹೊರಗಿನವರಿಗೆ ಏನೂ ಕೊಡುವುದಿಲ್ಲ. ಶನಿವಾರ ಕಬ್ಬಿಣವನ್ನು ಮನೆಯೊಳಗೆ ತರಬಾರದು ಎಂದು ನನ್ನ ಹೆಂಡತಿಯ ಕಾನೂನು. ಕಬ್ಬಿಣ ಮಾರಿಯೇ ಉಣ್ಣುವ ಮನೆಯಲ್ಲಿ ಶನಿವಾರದ ಕಬ್ಬಿಣಕ್ಕೆ ಯಾಕೆ ಹೆದರಬೇಕು ಎಂಬುದು ನನಗೆ ಕಡೆಗೂ ತಿಳಿಯಲಿಲ್ಲ. ಶನಿವಾರ ಕೊಂಡದ್ದನ್ನು ಅಂಗಡಿಯಲ್ಲಿಟ್ಟು ರವಿವಾರ ಮನೆಗೆ ಒಯ್ಯುತ್ತಿದ್ದೆ. ಅದಕ್ಕೆ ಅವಳ ತಕರಾರು ಇರಲಿಲ್ಲ.

ಇಷ್ಟೆಲ್ಲ ಒದ್ದಾಟದಲ್ಲಿ ಒಮ್ಮೆ ಮಾತ್ರ ನನಗೆ ನಿಜವಾದ ಖುಷಿ ಸಿಕ್ಕಿತು. ಹಾವೇರಿಯ ಮೋಡ್ಕಾ ಅಂಗಡಿಯೊಂದರಲ್ಲಿ, ಸೈಕಲ್ ರಿಮ್ಮುಗಳ ರಾಶಿಯಡಿಯಲ್ಲಿ, ಎರಡು ಬೆರಳಿನಷ್ಟು ಅಗಲದ ಒಂದು ಸಣ್ಣ ರಂದಾ ಬಿದ್ದಿತ್ತು. ಸಾಮಾನ್ಯ ರಂದಾದ ಅಲಗು ನಡುವೆ ಇರುತ್ತದೆ, ಮೂಲೆಯ ತನಕ ಹೆರೆಯುವುದಿಲ್ಲ. ಇದರ ಅಲಗು ಅಂಚಿನಿಂದ ಅಂಚಿಗಿತ್ತು. ಒಂದು ಕಟ್ಟಿಗೆಯ ತುದಿ ಇನ್ನೊಂದರ ತೂತಿನಲ್ಲಿ ಬಿಗಿಯಾಗಿ ಕೂರಬೇಕಾದರೆ ಆ ತುದಿಯನ್ನು ಬುಡದ ತನಕ ಸಮ ಮಾಡಲು ಇಂಥದ್ದೇ ಬೇಕು. ಮೋಡ್ಕಾದವನು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಬರೇ ಕಟ್ಟಿಗಿ ಐತಿ, ಇದು ತೂಕಕ್ಕ ಬರಂಗಿಲ್ಲ, ಹಂಗ ಒಯ್ರಿ" ಎಂದ. ನಾನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಊರಿಗೆ ಬಂದೆ, ಅವನೆಲ್ಲಿ ಮನಸ್ಸು ಬದಲಾಯಿಸುತ್ತಾನೋ ಎಂದು.

ಮನೆಗೆ ತಂದ ಮೇಲೆ ಶುರುವಾಗುವ ಕಾಟ ಬೇರೆಯೇ. ಒಂದು ದಿನ ಅಡುಗೆಮನೆಯಲ್ಲಿ ಧಪಧಪ ಸದ್ದು ಕೇಳಿ ಹೋದರೆ ಹೆಂಡತಿ ನನ್ನ ಬಾಚಿಯಿಂದ ಬೆಲ್ಲದ ಪೆಂಟೆ ಒಡೆಯುತ್ತಿದ್ದಳು.

"ಅದೇನು ಬೆಲ್ಲಾ ಒಡ್ಯಾಕ ಐತೇನು?" ಎಂದೆ.

"ಮತ್ತೇನರ ಮಾಡ್ತೈತೇನದು? ಗೋಡಿಗೆ ಜೋತ ಬಿದ್ದೈತಿ. ಅದಕ್ಕ ಹಚ್ಚಿದ ಎಣ್ಣಿ ನನ್ನ ತಲೀಗೆ ಹಚ್ಚಿದ್ರ ಕೂದಲಾರ ಉದುರತಿದ್ದಿಲ್ಲ."

ಬೆಲ್ಲಕ್ಕೆ ಎಣ್ಣೆಯ ವಾಸನೆ ಬಂತು, ಬಾಚಿಗೆ ಇರುವೆ ಬಂದವು. ಆದರೆ ಅವಳ ಮಾತು ಒಳಗೆ ಚುಚ್ಚಿತು. ಗೋಡೆಗೆ ಜೋತುಬಿದ್ದ ಹತಾರಕ್ಕೂ ಮೋಡ್ಕಾಕ್ಕೂ ಏನು ವ್ಯತ್ಯಾಸ? ಅಂಗಡಿಯ ಹಿಂದಿನ ಗೋದಾಮಿನಲ್ಲಿ ಒಂದು ಗಟ್ಟಿ ಮೇಜು ಹಾಕಿಸಿ ಕೆಲಸ ಕಲಿಯತೊಡಗಿದೆ. ಎರಡು ಮಣೆ ಮಾಡಿದೆ, ಎರಡೂ ಕೂತರೆ ಅಲುಗುತ್ತಿದ್ದವು. ಒಂದು ಗೂಡು ಮಾಡಿದೆ, ಅದು ನೇರ ನಿಂತಿತು. ಸಾಮಾನಿಗೆ ಬಂದ ಬಡಿಗರು ಇಣುಕಿ ನೋಡಿ, "ನಮಗ ಮಷಿನ್ ಕೊಟ್ಟು ನೀವ ರಂದಾ ಹೊಡ್ಯಾಕತ್ತೀರಲ್ಲ ಸಾವ್ಕಾರ್ರ" ಎಂದು ನಗುತ್ತಿದ್ದರು. ನಕ್ಕವರ ಮಷಿನ್ನು ಕರೆಂಟು ಹೋದ ಕೂಡಲೇ ಸುಮ್ಮನಾಗುತ್ತಿತ್ತು, ಆ ಕಾಲದಲ್ಲಿ ಕರೆಂಟು ದಿನವೂ ಹೋಗುತ್ತಿತ್ತು. ನಾನು ಅದನ್ನು ಎತ್ತಿ ಆಡದೆ ಬಿಡುತ್ತಿರಲಿಲ್ಲ.

ಮಗಳನ್ನು ಬ್ಯಾಡಗಿಗೆ ಕೊಟ್ಟಿದ್ದೆ, ಮೆಣಸಿನಕಾಯಿ ವ್ಯಾಪಾರದ ಮನೆಗೆ. ಅವಳ ಮೊದಲ ಬಸಿರು ಎಂಟನೇ ತಿಂಗಳಲ್ಲಿ ಹೋಯಿತು. ಆ ವರ್ಷದ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ, ನಾನೂ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಮತ್ತೆ ಬಸಿರಾದಾಗ ಡಾಕ್ಟರು ಓಡಾಟ ಬೇಡ ಎಂದರು, ಅವಳನ್ನು ಬೇಗನೇ ತವರಿಗೆ ಕರೆತಂದೆವು. ಅವಳು ದಿನವಿಡೀ ಗೋಡೆಗೆ ದಿಂಬು ಆನಿಸಿಕೊಂಡು ಕೂತಿರುತ್ತಿದ್ದಳು. ಯಾರಾದರೂ ನಕ್ಕರೂ ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದಳು.

ಮೊದಲ ತೊಟ್ಟಿಲು ತವರಿನವರದು. ಅದನ್ನು ನಾನೇ ಮಾಡುತ್ತೇನೆ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿದೆ. ಮಷಿನ್ ಮುಟ್ಟದೆ, ಮೊಳೆ ಹೊಡೆಯದೆ, ಹುಡುಕಿ ಹುಡುಕಿ ತಂದ ಈ ಹತಾರಗಳಿಂದಲೇ. ಹೆದ್ದಾರಿ ಅಗಲ ಮಾಡುವಾಗ ಕೆಡವಿದ ಮನೆಯೊಂದರ ಸಾಗವಾನಿಯ ಬಾಗಿಲು ಚೌಕಟ್ಟು ಸಿಕ್ಕಿತು. ಒಳ್ಳೇ ಕಟ್ಟಿಗೆ. ಆದರೆ ಆ ಮನೆಯವರು ತಲೆತಲಾಂತರದಿಂದ ಹಬ್ಬಕ್ಕೊಂದು ತೋರಣದ ಮೊಳೆ ಹೊಡೆದಿದ್ದರು, ಒಂದನ್ನೂ ಕಿತ್ತಿರಲಿಲ್ಲ. ತಲೆ ಮುರಿದ ಮೊಳೆಗಳು ಒಳಗೇ ಹೂತಿದ್ದವು. ರಂದಾ ಹೊಡೆದಾಗೆಲ್ಲ ಕಿರ್ ಎಂದು ಅಲಗಿಗೆ ಹಲ್ಲು ಬೀಳುವುದು, ನಾನು ಸಾಣೆಕಲ್ಲಿನ ಮುಂದೆ ಕೂರುವುದು, ಮತ್ತೆ ಹೊಡೆಯುವುದು, ಮತ್ತೆ ಕಿರ್. ಆ ಮನೆಯವರ ಯುಗಾದಿ, ದೀಪಾವಳಿಗಳನ್ನೆಲ್ಲ ನಾನು ಹಲ್ಲು ಕಡಿದುಕೊಂಡು ಒಂದೊಂದಾಗಿ ಕಿತ್ತೆ.

ಮನೆಗೆ ಒಯ್ದು ತೋರಿಸಿದ್ದೇ ತಪ್ಪಾಯಿತು. ಗುಂಡಗೆ ಕೆತ್ತಿದ ಒಂದು ಮೂಲೆಗಂಬವನ್ನು ನೋಡಿ ಹೆಂಡತಿ, "ಇದೇನ್ ಮಾಡಾಕತ್ತೀರಿ?" ಎಂದಳು. ತೊಟ್ಟಿಲು ಎಂದೆ. ಅವಳ ಮುಖ ಸಣ್ಣದಾಯಿತು.

"ಕೂಸು ಇನ್ನೂ ಹೊಟ್ಯಾಗ ಐತಿ."

"ಅದಕ್ಕ ಈಗ ಶುರು ಮಾಡೇನಿ. ಹುಟ್ಟಿದ ಮ್ಯಾಲೆ ಶುರು ಮಾಡಿದ್ರ ಅದು ಸಾಲೀಗೆ ಹೋಗೂ ಹೊತ್ತಿಗೆ ಮುಗೀತೈತಿ."

"ಹುಟ್ಟೂಕ ಮೊದಲ ತೊಟ್ಲಾ ಮನ್ಯಾಗ ಇರಬಾರ್ದು."

ಇರಬಾರದು ಎಂದರೆ ಇರಬಾರದು. ಮಷಿನ್‌ನವರಿಗೆ ಹೇಳಿದರೆ ಹೆಸರಿಡುವ ದಿನದೊಳಗೆ ಮಾಡಿಕೊಡುತ್ತಾರೆ, ಪೇಟೆಯಲ್ಲಿ ಸಿದ್ಧವಾದದ್ದೇ ಸಿಗುತ್ತದೆ, ಅದು ನನಗೂ ಗೊತ್ತು. ಆದರೆ ನನಗೆ ಬೇಕಾದದ್ದು ಅದಲ್ಲವಲ್ಲ. ನಾನು ಕೂಗಾಡಿದೆ. ಅವಳು ರೊಟ್ಟಿ ಬಡಿಯುತ್ತಾ ಕೂತಳು. ನನ್ನ ಕೂಗು ಹೆಚ್ಚಾದಂತೆ ರೊಟ್ಟಿಯ ಸಪ್ಪಳವೂ ಹೆಚ್ಚಾಯಿತು. ಒಳಗೆ ಮಗಳಿಗೆ ಕೇಳಿಸಬಾರದೆಂದು ಕೊನೆಗೆ ನಾನೇ ಸುಮ್ಮನಾದೆ.

ಮಾರನೆಯ ದಿನ ಅವಳೇ ಒಂದು ಉಪಾಯ ತೆಗೆದಳು. "ಕಟ್ಟಿಗಿ ಕಟ್ಟಿಗಿ ಆಗೇ ಇರ್ಲಿ. ಮನೀಗೆ ತರಬ್ಯಾಡ್ರಿ, ಗೋದಾಮಿನ್ಯಾಗ ಇರ್ಲಿ. ಬೇಕಾರ ಮೂರು ಬದಿ ಕೂಡಸ್ರಿ. ನಾಕನೇದು ಬ್ಯಾಡ. ಮೂರ ಬದಿದ್ದಕ್ಕ ಯಾರೂ ತೊಟ್ಲಾ ಅನ್ನಂಗಿಲ್ಲ."

ಇಂಥ ಕಾನೂನನ್ನು ಯಾವ ಕೋರ್ಟಿನಲ್ಲಿ ಪ್ರಶ್ನಿಸುವುದು? ತೊಟ್ಟಿಲಿಗೆ ನಾಲ್ಕು ಬದಿ, ಎರಡು ಉದ್ದನೆಯವು, ತಲೆಗೊಂದು ಕಾಲಿಗೊಂದು ಗಿಡ್ಡನೆಯವು. ಮೊಳೆ ಇಲ್ಲದ ಕೆಲಸದಲ್ಲಿ ಒಂದರ ತುದಿ ಇನ್ನೊಂದರ ತೂತಿಗೆ ಹೋಗಿ ಕೂರಬೇಕು. ಕೊನೆಯ ಬದಿ ಕೂತಾಗಲೇ ಮೊದಲ ಮೂರು ಸರಿ ಇವೆಯೋ ಇಲ್ಲವೋ ಎಂದು ತಿಳಿಯುವುದು. ಮೂರು ಬದಿ ಕೂಡಿಸಿ ನಿಲ್ಲುವುದೆಂದರೆ ಅಂಗಿಗೆ ಗುಂಡಿ ಹಚ್ಚಿ ಕಾಜ ಮಾಡದೆ ಬಿಟ್ಟಂತೆ. ಇದನ್ನು ಅವಳಿಗೆ ಎಷ್ಟು ಬಗೆಯಲ್ಲಿ ಹೇಳಿದರೂ, "ನೀವ ಅಷ್ಟ ಹುಷಾರಿದ್ರ ಕೂಡಿಸಿ ನೋಡದ ಮಾಡ್ರಿ" ಎಂದಳು.

ಬೀಗರು ಒಮ್ಮೆ ಬ್ಯಾಡಗಿಯಿಂದ ಸೊಸೆಯನ್ನು ನೋಡಲು ಬಂದವರು ಅಂಗಡಿಗೂ ಬಂದರು. ಒಳ್ಳೆಯವರು, ಆದರೆ ಬಾಯಿ ಮೆಣಸಿನಕಾಯಿ. ಮೂರು ಬದಿಯ ನನ್ನ ಕೆಲಸವನ್ನು ಸುತ್ತು ಹಾಕಿ ನೋಡಿ, "ಬೀಗರ, ಕೂಸು ಹುಟ್ಟೂಕ ಮೊದಲ ಕುಲಾಯಿ ಹೊಲದ್ರು ಅಂದಂಗಾತು ನಿಮ್ಮದು" ಎಂದು ನಕ್ಕರು. "ಕುಲಾಯಿ ಅಲ್ರಿ, ತೊಟ್ಲಾ" ಎಂದು ನಾನೂ ನಕ್ಕೆ. ಚಹಾ ಕೊಡಲು ಬಂದಿದ್ದ ಹೆಂಡತಿ ಕಪ್ಪು ಇಟ್ಟು ಹೊರಟು ಹೋದಳು. ಬೀಗರ ಮುಂದೆ ಹೀಗಾ ಹೋಗುವುದು ಎಂದು ನನಗೆ ಅವಳ ಮೇಲೆ ಸಿಟ್ಟು ಬಂತು.

ಬೇಸಿಗೆ ಮುಗಿಯುತ್ತ ಬಂದಾಗ ಕಾಲಿನ ಕಡೆಯ ನಾಲ್ಕನೇ ಬದಿಯೂ ತಯಾರಾಯಿತು. ಮೇಜಿಗೆ ಆನಿಸಿಟ್ಟಿದ್ದೆ. ಹೋಗಿ ಬಂದು ಅದನ್ನೇ ನೋಡುವುದು. ಕೈ ತುರಿಸುತ್ತಿತ್ತು. ಹೆಂಡತಿ ಹರಕೆ ಹೊತ್ತು ದೇವರಗುಡ್ಡಕ್ಕೆ ಹೋದ ದಿನ, ಸಂಜೆಯ ತನಕ ಬರುವುದಿಲ್ಲ ಎಂಬ ಧೈರ್ಯದಲ್ಲಿ, ಗೋದಾಮಿನ ಬಾಗಿಲು ಮುಂದಕ್ಕೆ ಮಾಡಿ ನಾಲ್ಕನೇ ಬದಿಯನ್ನು ಎತ್ತಿ ಕೂಡಿಸಿದೆ. ತುದಿಗಳು ತೂತಿನ ಬಾಯಿಗೆ ಸರಿಯಾಗಿ ಬಂದವು. ಕೊಡತಿ ತೆಗೆದುಕೊಂಡು ಮೆಲ್ಲಗೆ ಬಡಿದೆ. ಅರ್ಧ ಹೋಯಿತು. ಆ ಖುಷಿಯನ್ನು ಹೇಳಲಾರೆ. ಇನ್ನೆರಡು ಪೆಟ್ಟು ಎಂದು ಕೊಡತಿ ಎತ್ತಿದೆ, ಬಾಗಿಲು ತೆರೆಯಿತು. ಯಾವುದೋ ಟೆಂಪೋ ಬೇಗ ಸಿಕ್ಕಿತಂತೆ. ಅಂಗೈಯಲ್ಲಿ ದೇವರ ಅರಿಶಿನ ಪುಡಿ, ಭಂಡಾರ, ಹಿಡಿದುಕೊಂಡು ನೇರ ಅಂಗಡಿಗೆ ಬಂದಿದ್ದಳು, ನನ್ನ ಹಣೆಗೆ ಹಚ್ಚಲು.

ಬೈಯುತ್ತಾಳೆ ಎಂದು ಕಾದೆ, ನನ್ನ ಬಾಯಲ್ಲೂ ಉತ್ತರಗಳು ಸಿದ್ಧವಿದ್ದವು. ಅವಳು ಬೈಯಲಿಲ್ಲ. ಸಿಮೆಂಟಿನ ಚೀಲದ ಮೇಲೆ ಕೂತಳು.

"ಬೀಗರು ಕುಲಾಯಿ ಮಾತು ಆಡಿದ್ರಲ್ಲ, ನೀವೂ ನಕ್ಕಿರಿ," ಎಂದಳು. "ಹೋದ ಸರ್ತಿ ನಾ ಖರೇನ ಹೊಲದಿದ್ದೆ. ಕೆಂಪಂದು. ಅಂಚಿಗೆ ಜರಿ ಹಚ್ಚಿ. ಆಕಿಗೆ ಏಳ್ರಾಗ ಇದ್ದಾಗ. ಯಾರಿಗೂ ತೋರಿಸಿದ್ದಿಲ್ಲ, ಆಸೆ ತಡೀಲಿಲ್ಲ, ಹೊಲದೆ."

ನಾನು ಏನೋ ಹೇಳಲು ಹೋದೆ. ಅವಳು ಕೈ ಎತ್ತಿ ತಡೆದಳು. ಕೈಯಲ್ಲಿದ್ದ ಭಂಡಾರ ಅವಳ ಸೀರೆಯ ಮೇಲೆ ಉದುರಿತು.

"ಅದರಿಂದನ ಆತು ಅಂತ ನಾ ಅನ್ನಂಗಿಲ್ಲ. ಡಾಕ್ಟರ್ ಹೇಳಿದ್ದು ನನಗೂ ತಿಳೀತು. ಆದ್ರ ಹೊಲದಿದ್ದೆ ಅನ್ನೂದು ಹೋಗ್ತೈತೇನು?"

ನನಗೆ ವಾದ ಮಾಡಿ ಗೊತ್ತು. ಗಿರಾಕಿಗಳ ಜೊತೆ ಮಾಡುತ್ತೇನೆ, ಬೀಗರ ಜೊತೆ ಮಾಡುತ್ತೇನೆ, ಮೋಡ್ಕಾದವರ ಜೊತೆ ಗಂಟೆಗಟ್ಟಲೆ ಮಾಡಿದ್ದೇನೆ. ಇಲ್ಲಿ ಎತ್ತಿದ ಕೊಡತಿಯನ್ನು ಇಳಿಸಿದೆ. ಅಷ್ಟು ದಿನ ಇದನ್ನು ಒಬ್ಬಳೇ ಹೊಟ್ಟೆಯಲ್ಲಿಟ್ಟುಕೊಂಡು ಇವಳು ನನ್ನ ಎದುರಿಗೇ ರೊಟ್ಟಿ ಬಡಿದಳಲ್ಲ ಎಂದು ಸಂಕಟವಾಯಿತು. ಸಂಕಟವಾದರೆ ನನಗೆ ಸಿಟ್ಟೇ ಬರುವುದು. ಯಾರ ಮೇಲೆ ಎಂದು ಗೊತ್ತಾಗದೆ, ಕೊಡತಿಯನ್ನು ತಿರುಗಿಸಿ ಹಿಡಿದು, ಒಳಗಿನಿಂದ ಬಡಿದು ಬಡಿದು ನಾಲ್ಕನೇ ಬದಿಯನ್ನು ಬಿಚ್ಚಿದೆ. ಕೂಡಿಸುವುದಕ್ಕಿಂತ ಬಿಚ್ಚುವುದು ಕಷ್ಟವಾಯಿತು. ಅವಳು ಅದನ್ನು ಕಂಕುಳಲ್ಲಿ ಇರುಕಿಕೊಂಡು ಆಟೋ ಹತ್ತಿ ಮನೆಗೆ ಒಯ್ದು, ಹಳೇ ಸೀರೆಯಲ್ಲಿ ಸುತ್ತಿ, ಮಂಚದಡಿಯಲ್ಲಿ ಇಟ್ಟಳು. ಬದಿಯೊಂದನ್ನೇ ನೋಡಿದರೆ ಯಾರೂ ತೊಟ್ಟಿಲು ಅನ್ನುವುದಿಲ್ಲವಂತೆ.

ಮಳೆಗಾಲದಲ್ಲಿ ಮಗಳು ಹೆತ್ತಳು, ದಿನ ತುಂಬುವುದಕ್ಕೆ ಸ್ವಲ್ಪ ಮೊದಲೇ. ಹೆಣ್ಣು ಕೂಸು. ತೂಕ ಕಡಿಮೆ ಎಂದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ನಾವು ಗಾಜಿನ ಹೊರಗೆ ನಿಂತು ನೋಡುವುದು. ಆಸ್ಪತ್ರೆಯ ವರಾಂಡದಲ್ಲಿ ಒಮ್ಮೆ ಮೆಲ್ಲಗೆ, "ಹುಟ್ಟೇತಲ್ಲ, ಇನ್ನ ಕೂಡಸ್ಲೇನು?" ಎಂದು ಕೇಳಿದೆ. "ಮನೀಗೆ ಬರ್ಲಿ," ಎಂದಳು. ಕೂಸು ಮನೆಗೆ ಬಂತು. ಕೇಳಿದೆ. "ತೊಟ್ಲಾಗ ಹಾಕೂ ದಿನಾ ಬರ್ಲಿ." ಆ ದಿನ ನಾಳೆ ಎನ್ನುವಾಗ ಕೇಳಿದೆ. "ನಾಳಿ ಅಂದ್ರ ನಾಳಿ." ಮಳೆಗೆ ಗೋದಾಮಿನ ಗೋಡೆಯೆಲ್ಲ ಬೆವರುತ್ತಿತ್ತು, ಮೂರು ಬದಿಯ ಕಟ್ಟಿಗೆ ತೇವ ಕುಡಿಯುತ್ತಿತ್ತು, ಮಂಚದಡಿಯ ನಾಲ್ಕನೆಯದೂ ಕುಡಿಯುತ್ತಿತ್ತು, ತುದಿಗಳು ಉಬ್ಬುತ್ತವೆ ಎಂದು ನಾನು ತಲೆ ತಲೆ ಚಚ್ಚಿಕೊಂಡರೂ ಕೇಳುವವರಿಲ್ಲ.

ಉಬ್ಬಿದ್ದವು. ಹೆಸರಿಡುವ ದಿನ ಬೆಳಿಗ್ಗೆ ಮೂರು ಬದಿಯನ್ನು ಗೋದಾಮಿನಿಂದ ಮನೆಗೆ ತಂದೆ. ಪಡಸಾಲೆಯ ನಡುವೆ, ಬೀಗರ ಕಡೆಯವರೆಲ್ಲ ಜಮಖಾನದ ಮೇಲೆ ಕೂತು ನೋಡುತ್ತಿರುವಾಗ ನಾಲ್ಕನೇ ಬದಿ ತೂತಿನ ಬಾಯಿಯಲ್ಲೇ ನಿಂತಿತು. ಬೇಸಿಗೆಯಲ್ಲಿ ಅರ್ಧ ಹೋದದ್ದು ಈಗ ಕಾಲು ಭಾಗವೂ ಹೋಗದು. ಬಡಿದರೆ ಸೀಳುತ್ತದೆ. ಒಂದೆರಡು ಎಳೆ ಹೆರೆದರೆ ಸಾಕು, ಆ ಸಣ್ಣ ರಂದಾ ಬೇಕು. ಹುಡುಕಿದರೆ ಗೋಡೆಯ ಮೇಲೆ ಅದಿಲ್ಲ. ಗೋಡೆಯಲ್ಲಿ ಮೊಳೆ ಮಾತ್ರ ಇತ್ತು.

ಅಡುಗೆಮನೆಯಲ್ಲಿ ನನ್ನ ಅಕ್ಕ ಕಾಲು ಚಾಚಿ ಕೂತಿದ್ದಳು. ಬಾಣಂತಿಯ ಅಂಟಿನುಂಡಿಗೆಂದು ಪರಾತದ ತುಂಬ ಒಣಕೊಬ್ಬರಿ ಹೆರೆದಿದ್ದಳು. ನನ್ನ ರಂದಾವನ್ನು ಬೋರಲು ಹಾಕಿ ಕಾಲ್ಬೆರಳಲ್ಲಿ ಒತ್ತಿ ಹಿಡಿದಿದ್ದಳು, ಕೊಬ್ಬರಿ ಬಟ್ಟಲು ಅಲಗಿನ ಮೇಲೆ ಸರ್ ಸರ್ ಎಂದು ಓಡುತ್ತಿತ್ತು.

"ಎಷ್ಟ ತೆಳ್ಳಗ ಹೆರೀತೈತೋ ತಮ್ಮಾ ಇದು. ನಮ್ಮ ತುರಿಮಣಿ ಯಾತಕ್ಕೂ ಬ್ಯಾಡ," ಎಂದಳು.

"ಅಕ್ಕಾ, ಅದು ಕಟ್ಟಿಗಿದು."

"ಹೆರಿಯೂದ ಹೌದಲ್ಲೋ?"

ಹೊರಗೆ ಮುಹೂರ್ತ ಹೋಗುತ್ತಿದೆ ಎಂದು ಬೀಗರು ಕೂಗಿದರು. ನನ್ನ ಸಿಟ್ಟಿಗೆ ಅಲ್ಲಿ ಸಮಯವಿರಲಿಲ್ಲ. ರಂದಾ ಕಸಿದುಕೊಂಡು, ಅದರ ಬಾಯಿಗೆ ಸಿಕ್ಕಿದ್ದ ಕೊಬ್ಬರಿಯನ್ನು ಕಡ್ಡಿಯಿಂದ ತೆಗೆದು, ಬಂದು ಕೂತು ತುದಿಗಳಿಗೆ ಹೊಡೆದೆ. ಕೊಬ್ಬರಿಯ ಜಿಡ್ಡಿಗೆ ಅದು ಎಂದೂ ಇಲ್ಲದಷ್ಟು ನಯವಾಗಿ ಜಾರಿತು. ಸಾಗವಾನಿಯ ಎಳೆ ಈರುಳ್ಳಿ ಸಿಪ್ಪೆಯ ಹಾಗೆ ಸುರುಳಿ ಸುತ್ತಿ ಬಿತ್ತು. ಅಕ್ಕನಿಗೆ ಇದನ್ನು ನಾನು ಇವತ್ತಿನವರೆಗೂ ಹೇಳಿಲ್ಲ. ನಾಲ್ಕನೇ ಬದಿಯನ್ನು ಎತ್ತಿ ಕೂಡಿಸಿ, ಅಂಗೈಯಿಂದಲೇ ಒತ್ತಿದೆ. ಬುಡದ ತನಕ ಹೋಗಿ ಕೂತಿತು. ಬೀಗರು ಎದ್ದು ಬಂದು ಸಂದಿಗೆ ಉಗುರು ತೂರಿಸಲು ನೋಡಿದರು, ಹೋಗಲಿಲ್ಲ. "ಛಲೋ ಆಗೇತ್ರಿ," ಎಂದರು. ಆ ಮನುಷ್ಯ ಕೊಂಕಿಲ್ಲದೆ ಆಡಿದ ಮಾತು ನಾನು ಕೇಳಿದ್ದು ಅದೊಂದೇ.

ಸರಪಳಿ ಹಾಕಿ ಪಡಸಾಲೆಯ ಕೊಂಡಿಗೆ ತೊಟ್ಟಿಲನ್ನು ತೂಗುಹಾಕಿದೆವು. ಹೆಂಗಸರು ಶಾಸ್ತ್ರದಂತೆ ಮೊದಲು ರುಬ್ಬುವ ಗುಂಡಕಲ್ಲಿಗೆ ನೀರೆರೆದು, ಕುಂಕುಮ ಹಚ್ಚಿ, ಬಟ್ಟೆ ಸುತ್ತಿ ತೊಟ್ಟಿಲಿಗೆ ಹಾಕಿ ಜೋಗುಳ ಹಾಡಿದರು. ಅಷ್ಟು ಭಾರಕ್ಕೂ ಒಂದು ಜೋಡಣೆಯೂ ಕಿರ್ ಎನ್ನಲಿಲ್ಲ. ಹಾಡು ಮುಗಿದು ಕಲ್ಲನ್ನು ತೆಗೆದರು. ಇನ್ನು ಕೂಸು ಬರಬೇಕು. ಬರಲಿಲ್ಲ. ಹಾಲು ಕುಡಿಯುತ್ತಿದೆ, ತಡೆಯಿರಿ ಎಂದು ಒಳಗಿನಿಂದ ಹೆಂಡತಿಯ ದನಿ ಬಂತು. ಎಲ್ಲರೂ ತಮ್ಮ ತಮ್ಮ ಮಾತಿಗೆ ಹತ್ತಿದರು.

ಬೆಳಿಗ್ಗೆಯಿಂದ ಇಲ್ಲದ ಕರೆಂಟು ಆಗಲೇ ಬರಬೇಕೇ? ಮೇಲೆ ಫ್ಯಾನು ತಿರುಗತೊಡಗಿತು. ಖಾಲಿ ತೊಟ್ಟಿಲು ಮೆಲ್ಲಗೆ ಅಲುಗಿತು, ಆ ಕಡೆ, ಈ ಕಡೆ. ಬ್ಯಾಡಗಿಯ ಮುದುಕಿಯೊಬ್ಬಳು, "ಬರೇ ತೊಟ್ಲಾ ತೂಗಬಾರ್ದ್ರೆವಾ" ಎಂದು ಪಕ್ಕದವಳಿಗೆ ಹೇಳಿದಳು. ಹೇಳಿ ಎಲೆ ಮಡಿಚತೊಡಗಿದಳು. ಯಾರೂ ಏಳಲಿಲ್ಲ.

ನಾನು ಹೋಗಿ ಎರಡೂ ಕೈಯಿಂದ ತೊಟ್ಟಿಲು ಹಿಡಿದೆ. ಯಾರಾದರೂ ಫ್ಯಾನ್ ಆರಿಸಿ ಎಂದು ಕೂಗಿದೆ. ಯಾರೋ ಎದ್ದು ಟ್ಯೂಬ್‌ಲೈಟ್ ಆರಿಸಿದರು. ಇನ್ಯಾರೋ ಫ್ಯಾನನ್ನು ಜೋರು ಮಾಡಿದರು. "ಏ, ಆರಸ್ರಿ ಅಂದ್ರ" ಎಂದು ಕಿರುಚಿದೆ, ನನ್ನ ಸಿಟ್ಟು ಎಲ್ಲರಿಗೂ ರೂಢಿಯಾದದ್ದರಿಂದ ನಕ್ಕರು. ತೊಟ್ಟಿಲನ್ನು ಎದೆಗೆ ಒತ್ತಿ ಹಿಡಿದುಕೊಂಡು ನಿಂತೆ. ಒಂದಿಷ್ಟೂ ಅಲುಗಬಾರದೆಂದು ಇನ್ನೂ ಗಟ್ಟಿಯಾಗಿ ಹಿಡಿದೆ.

ಹೆಂಡತಿ ಕೂಸನ್ನು ಎತ್ತಿಕೊಂಡು ಬಂದಳು. ಹಿಂದೆ ಮಗಳು. ಹೆಂಡತಿ ಒಂದು ಗಳಿಗೆ ನನ್ನ ಕೈಗಳನ್ನು ನೋಡಿದಳು.

"ಬಿಡ್ರಿ ಇನ್ನ," ಎಂದಳು. "ಮಲಗಸ್ತೇನಿ."

"ಮೊದಲ ಕೂಸಿನ್ನ ಹಾಕು," ಎಂದೆ. "ಆಮ್ಯಾಲೆ ಬಿಡ್ತೇನಿ."